ಕತ್ತಲಲ್ಲಿ ಒಡೆದ ಸ್ವರ

ಹೊಳೆದಂಡೆಯ ಇಗರ್ಜಿಯಲ್ಲಿ ಇನಾಸ್ ಮಾಸ್ತರರು ವೃಂದಗಾನ ಕಲಿಸುತ್ತಿದ್ದರು. ಎಂಬತ್ತು ದಾಟಿದ ಒಂಟಿ ಜೀವ. ರೊಜಾರ್ ಅವರ ಶಿಷ್ಯ.

ಪವಿತ್ರ ವಾರದ ಬುಧವಾರ ಸಂಜೆ ಅಲ್ಲಿ ಒಂದು ಹಳೆಯ ಪಶ್ಚಾತ್ತಾಪದ ಹಾಡು ಹಾಡುವ ಪದ್ಧತಿ. ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾರೆ. ಪೂರ್ತಿ ಕತ್ತಲಾದ ಮೇಲೆ ಹಾಡು ಶುರು. ಪ್ರತಿ ಚರಣದಲ್ಲೂ ಒಂದು ಸ್ವರ ಗಕ್ಕನೆ ಮೇಲೇರುತ್ತದೆ. ವರ್ಷಕ್ಕೊಬ್ಬ ಗಂಡಸು ಸರದಿಯಂತೆ ಅದನ್ನು ಕಳ್ಳದನಿಯಲ್ಲಿ, ಹೆಣ್ಣುದನಿಯಷ್ಟು ತೆಳುವಾಗಿ, ಹಿಡಿಯಬೇಕು.

ಆ ಸ್ವರ ಒಡೆದರೆ, ಒಡೆದವನ ಮನೆಯಲ್ಲಿ ವರ್ಷದೊಳಗೆ ಸಾವು ಎಂದು ಊರು ನಂಬಿತ್ತು. ಹೋದ ವರ್ಷ ಪಾವ್ಲುವಿನ ಸ್ವರ ಒಡೆಯಿತು, ಮಳೆಗಾಲದಲ್ಲಿ ಅವನ ತಂಗಿ ಹೊಳೆಯ ಪಾಲಾದಳು. ಸ್ವರ ಒಡೆಯದ ವರ್ಷಗಳಲ್ಲಿ ಸತ್ತವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಸಲ ಸರದಿ ರೊಜಾರನದು. ಅವನ ಹೆಂಡತಿ ಸೆವ್ರಿನ್ ದಿನ ತುಂಬಿದ ಬಸುರಿ.

ಬೇರೆ ಯಾರಿಂದಲಾದರೂ ಹಾಡಿಸಿ ಎಂದು ರೊಜಾರ್ ಬೇಡಿಕೊಂಡ. ಬೇರೆಯವರಿಗೆ ಮನೆ ಇಲ್ಲವೇ ಎಂದು ಮಾಸ್ತರರು ಕೇಳಿದರು. ಹಾಗಾದರೆ ಆ ಸ್ವರವನ್ನೇ ಬಿಟ್ಟುಬಿಡೋಣ ಎಂದ.

ಮಾಸ್ತರರು ಅವನನ್ನು ಕೂರಿಸಿ ಹಾಡಿನ ಪೂರ್ವಕಥೆ ಹೇಳಿದರು. ಮುನ್ನೂರು ವರ್ಷಗಳ ಹಿಂದೆ ಸಮುದ್ರದಾಚೆ ಒಂದೇ ಒಂದು ಇಗರ್ಜಿಯಲ್ಲಿ ಇದನ್ನು ಹಾಡುತ್ತಿದ್ದರಂತೆ. ಬರೆದುಕೊಂಡವನಿಗೆ ಬಹಿಷ್ಕಾರ. ಕೊಡುವುದಿಲ್ಲ ಎಂದದ್ದಕ್ಕೇ ಗಿರಾಕಿ ಹೆಚ್ಚಾಗಿ, ಕದ್ದು ಕೇಳಿದವರು ಕದ್ದು ಬರೆದರು. ಕೈಯಿಂದ ಕೈಗೆ ಹೋಗುವಾಗ ಯಾರೋ ಒಬ್ಬ ಒಂದು ಸಾಲನ್ನು ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬರೆದುಬಿಟ್ಟ. ಮೂಲದಲ್ಲಿ ಆ ಮೇಲಿನ ಸ್ವರವೇ ಇರಲಿಲ್ಲ.

"ಅಂದರೆ ನಾವು ನಡುಗುತ್ತಿರುವುದು ಒಬ್ಬನ ಕೈತಪ್ಪಿಗೆ?"

"ಹೌದು. ಈಗ ಅದನ್ನು ಬಿಟ್ಟು ಹಾಡಿದರೆ, ಹಾಡೇ ತಪ್ಪು ಅಂತಾರೆ."

"ತಪ್ಪು ಬರೆದವನ ಮನೆಯಲ್ಲಿ ಯಾರು ಸತ್ತರೋ ಗೊತ್ತಿಲ್ಲ, ಮಾಸ್ತರರೇ. ಪಾವ್ಲುವಿನ ತಂಗಿ ಸತ್ತದ್ದು ಗೊತ್ತು."

ಇದು ಮಾತಿಗೆ ಜಗ್ಗುವ ಭಯವಲ್ಲ ಎಂದು ಮಾಸ್ತರರಿಗೆ ತಿಳಿಯಿತು. ಬುಧವಾರ ಹೊತ್ತಿಗೆ ಸರಿಯಾಗಿ ಬಾ ಎಂದಷ್ಟೇ ಹೇಳಿ ಕಳಿಸಿದರು.

ಬುಧವಾರ ಮಧ್ಯಾಹ್ನ ಸೆವ್ರಿನ್‌ಗೆ ನೋವು ಶುರುವಾಯಿತು. ಗಂಡಸರಿಗೆ ಇಲ್ಲೇನು ಕೆಲಸ ಎಂದು ಸೂಲಗಿತ್ತಿ ಬಾಗಿಲು ಹಾಕಿಕೊಂಡಳು. ಹಾಡದೆ ತಪ್ಪಿಸಿಕೊಂಡರೂ ಊರು ಅದನ್ನು ಒಡೆದ ಲೆಕ್ಕಕ್ಕೇ ಸೇರಿಸುತ್ತದೆ. ರೊಜಾರ್ ಇಗರ್ಜಿಗೆ ಬಂದ.

ಬತ್ತಿಗಳು ಆರಿದವು. ಪಕ್ಕದವನ ಮುಖವೂ ಕಾಣದು. ಹಾಡು ಎದ್ದಿತು. ಸ್ವರ ಮೇಲೇರುವ ಜಾಗ ಬಂದಾಗ ರೊಜಾರ್ ಬಾಯಿ ತೆರೆದ. ಉಸಿರೇ ಹೊರಡಲಿಲ್ಲ.

ಅಷ್ಟರಲ್ಲಿ ಅವನ ಹಿಂದಿನಿಂದ ಇನ್ನೊಂದು ದನಿ ಮೇಲೆ ಹತ್ತಿತು. ತುಕ್ಕು ಹಿಡಿದ ದನಿ. ತುದಿ ಮುಟ್ಟುವ ಮೊದಲೇ, ಕೈಜಾರಿದ ಮಡಕೆಯಂತೆ ಒಡೆದು ಚೂರಾಯಿತು.

ಕತ್ತಲಲ್ಲಿ ಹೆಂಗಸರು ಉಸಿರೆಳೆದುಕೊಂಡದ್ದು ಕೇಳಿಸಿತು. ಯಾರೋ ದೇವರ ಹೆಸರು ಹಿಡಿದರು.

ದನಿ ಯಾರದೆಂದು ರೊಜಾರನಿಗೆ ಗೊತ್ತಾಯಿತು. ಒಡೆಯಬೇಕಾದ್ದು ಒಡೆದಿತ್ತು. ಮುಂದಿನ ಚರಣದಲ್ಲಿ ಅವನು ಬಾಯಿ ತೆರೆದಾಗ ಸ್ವರ ತಾನಾಗಿ ಹತ್ತಿ, ಮೇಲೆ ನಿಂತಿತು. ಕೊನೆಯ ಚರಣದವರೆಗೂ ಅಲುಗಲಿಲ್ಲ.

ಬೆಳಕು ಬಂದ ಮೇಲೆ ಜನ ಯಾರದು, ಯಾರದು ಎಂದು ಗುಸುಗುಟ್ಟಿದರು. ನನ್ನದೇ ಎಂದರು ಮಾಸ್ತರರು. ಹತ್ತಿರವಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ಮೆಟ್ಟಿಲ ಬಳಿ ರೊಜಾರ್ ಅವರನ್ನು ತಡೆದ. "ಬೇಕೆಂದೇ ಒಡೆದಿರಾ?"

"ಈ ವಯಸ್ಸಿನಲ್ಲಿ ಬೇಕೆಂದು ಒಡೆಯಬೇಕೇನೋ? ಬಾಯಿ ತೆರೆದರೆ ಸಾಕು."

"ನಿಮ್ಮ ಮನೆಯಲ್ಲಿ ಇರುವುದು ನೀವೊಬ್ಬರೇ, ಮಾಸ್ತರರೇ."

ಮಾಸ್ತರರು ಚಪ್ಪಲಿ ಮೆಟ್ಟಿಕೊಂಡರು. "ನೀನು ಬೇಗ ಹೆಂಡತಿಯ ಹತ್ತಿರ ನಡೆ. ಊರು ಇನ್ನು ನನ್ನ ಸಾವಿಗೆ ಕಾಯುತ್ತದೆ. ಕಾಯಲಿ, ನನಗೇನೂ ಅವಸರವಿಲ್ಲ."