ಬೆಂಡೆಕಾಯಿ ಬಚ್ಚಿಟ್ಟ ಹನಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಆಗಷ್ಟೇ ತಂದ ಮಡಕೆಯ ಹಾಗೆ ಅದು ಹಸಿಮಣ್ಣಿನ ವಾಸನೆ ಬೀರುತ್ತಿತ್ತು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಕಾಗೆ ಇನ್ನೂ ಕೂಗುವುದನ್ನು ಕಲಿಯುತ್ತಿತ್ತು. ತರಕಾರಿಗಳೆಲ್ಲ ಮಾತಾಡುತ್ತಿದ್ದವು, ಅದೂ ಸ್ವಲ್ಪ ಜಾಸ್ತಿಯೇ.

ಆ ಕಾಲದಲ್ಲಿ ಕೆಂಚಜ್ಜಿ ಅಂತ ಒಬ್ಬಳು ಅಜ್ಜಿ ಇದ್ದಳು. ಅವಳ ಗಂಡ ಬೋರಜ್ಜ. ಮನೆಯ ಹಿಂದೆ ಅವರದೊಂದು ಹಿತ್ತಲು. ದಿನಾ ಬೆಳಗ್ಗೆ ರೊಟ್ಟಿ ತಟ್ಟುವ ಮೊದಲು ಕೆಂಚಜ್ಜಿ ಬುಟ್ಟಿ ಹಿಡಿದು ಅಲ್ಲಿಗೆ ಬರುತ್ತಿದ್ದಳು.

"ಇವತ್ತು ಪಲ್ಯಕ್ಕೆ ಯಾರ್ ಬರ್ತೀರ್ರಪ್ಪಾ?" ಎಂದು ಕೇಳುತ್ತಿದ್ದಳು.

"ನಾನು, ನಾನು" ಎಂದು ಬದನೆ ಮುಂದಾಗುತ್ತಿತ್ತು. "ಇವತ್ತು ನನ್ನ ಸರದಿ" ಎಂದು ಹೀರೆ ಬಳ್ಳಿಯಲ್ಲೇ ತೂಗಾಡುತ್ತಿತ್ತು.

ಕೆಂಚಜ್ಜಿಯ ಪಲ್ಯದಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುವುದು, ಒಂದೆರಡು ಮೆಣಸಿನಕಾಯಿ ಮುರಿದು ಹಾಕುವುದು, ಹೆಚ್ಚಿದ ತರಕಾರಿ, ಉಪ್ಪು, ಇಳಿಸುವ ಹೊತ್ತಿಗೆ ಒಂದು ಹಿಡಿ ತೆಂಗಿನತುರಿ. ರೊಟ್ಟಿ ಬೇಯುವಷ್ಟರಲ್ಲಿ ಪಲ್ಯ ಆಗಿಬಿಡುತ್ತಿತ್ತು. ಅದರ ಘಮಕ್ಕೆ ಬೋರಜ್ಜ ಕರೆಯದಿದ್ದರೂ ಬಂದು ಕೂರುತ್ತಿದ್ದ.

ಆ ಹಿತ್ತಲಲ್ಲಿ ಬೆಂಡೆಗಿಡವೂ ಇತ್ತು. ಆಗ ಬೆಂಡೆಕಾಯಿ ಎಲ್ಲರ ಹಾಗೆ ನೆಲ ನೋಡಿಕೊಂಡೇ ನೇತಾಡುತ್ತಿತ್ತು. ಅದರೊಳಗೆ ಏನಿತ್ತು? ಬರೀ ಬೀಜ, ಒಣ ಬೀಜ. ಗಾಳಿ ಬೀಸಿದರೆ ಗಿಲಕಿಯ ಹಾಗೆ ಸದ್ದಾಗುತ್ತಿತ್ತು.

ಒಂದು ದಿನ ಕೆಂಚಜ್ಜಿ ಅದರ ಪಲ್ಯ ಮಾಡಿದಳು. ಬೋರಜ್ಜ ಅಗಿದ. ಅಗಿದೇ ಅಗಿದ.

"ಕೆಂಚೀ, ಇದೇನು ಪಲ್ಯನೋ, ಎತ್ತಿಗೆ ಹಾಕೋ ಹುಲ್ಲೋ?" ಎಂದ.

"ನಂಗೂ ಹಂಗೇ ಅನ್ನಿಸ್ತು. ಮುಂದಿನ ಸಲ ಬೆಂಡೆಬೀಜ ಬಿತ್ತಲ್ಲ ಬಿಡಿ. ಆ ಜಾಗಕ್ಕೆ ಬದನೆ ಹಾಕ್ತೀನಿ."

ಮಾತು ಹಿತ್ತಲಿನವರೆಗೂ ಕೇಳಿಸಿತು. ಬೆಂಡೆ ನಡುಗಿಹೋಯಿತು. ಭೂಮಿಯ ಮೇಲೆ ಬೇರೆಲ್ಲೂ ಬೆಂಡೆ ಇರಲಿಲ್ಲ. ಇಲ್ಲಿ ಬಿತ್ತದಿದ್ದರೆ ಅದರ ವಂಶವೇ ಮುಗಿದ ಹಾಗೆ. ಬೆಂಡೆಗೆ ಅಳು ಬಂತು. ಆದರೆ ಅಳುವುದಕ್ಕೂ ಒಳಗೆ ನೀರು ಬೇಕಲ್ಲ.

ಅಷ್ಟರಲ್ಲಿ ಗಾಳಿ ಬಂತು.

"ಗಾಳಿಯಣ್ಣ, ನಂಗೊಂಚೂರು ನೀರು ಬೇಕು. ಎಲ್ಲಿ ಸಿಗುತ್ತೆ?" ಎಂದು ಬೆಂಡೆ ಕೇಳಿತು.

"ಅಲ್ಲ ಕಣವ್ವ, ನೀರು ಬರೋದು ಮೇಲಿಂದ. ನೀನು ನೋಡ್ತಿರೋದು ಕೆಳಗೆ. ಹೆಂಗೆ ಸಿಕ್ಕೀತು?" ಎಂದಿತು ಗಾಳಿ.

ಹೌದಲ್ಲ ಅನ್ನಿಸಿತು ಬೆಂಡೆಗೆ. ಮೆಲ್ಲಗೆ ಕತ್ತು ತಿರುಗಿಸಿತು. ತೊಟ್ಟು ನೋಯುತ್ತಿದ್ದರೂ ಬಿಡದೆ ತಿರುಗಿಸಿತು. ಸಂಜೆಯ ಹೊತ್ತಿಗೆ ಅದರ ಮೂತಿ ನೇರ ಆಕಾಶದ ಕಡೆಗಿತ್ತು.

"ನೋಡ್ರೋ ಇವಳ ಜಂಬಾನ, ಇನ್ನು ನಮ್ಮ ಕಡೆ ನೋಡೋದೇ ಇಲ್ಲ" ಎಂದು ಬದನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬದನೆಗೆ ಹೊಟ್ಟೆಯೇ ಜಾಸ್ತಿ. ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಬೆಂಡೆ ಮಾತ್ರ ಮೂತಿ ಇಳಿಸಲಿಲ್ಲ. ಮೇಲೆ ನೋಡುತ್ತಾ ಕಾದು ನಿಂತಿತು. ಕೊನೆಗೆ ಒಂದು ಬಿಳಿ ಮೋಡ ನಿಧಾನವಾಗಿ ಆ ದಾರಿಯಲ್ಲಿ ಬಂತು.

"ಮೋಡದಮ್ಮ, ಒಂಚೂರು ನೀರು ಕೊಟ್ಟು ಹೋಗು. ಇಲ್ಲದಿದ್ರೆ ನನ್ನನ್ನ ಇನ್ನು ಬಿತ್ತಲ್ವಂತೆ."

"ಅಯ್ಯೋ ಮಗಳೇ, ಇದ್ದಿದ್ದೆಲ್ಲ ಬೆಟ್ಟಕ್ಕೆ ಸುರಿದು ಬಂದೆ. ಕೊಸರಿಗೆ ಅಂತ ಒಂದು ಹನಿ ಉಳಿದಿದೆ ಅಷ್ಟೆ. ಸಾಕಾ?"

"ಸಾಕು."

"ಹಂಗಾದ್ರೆ ಗಟ್ಟಿಯಾಗಿ ಹಿಡ್ಕೊ. ನಾನು ಮತ್ತೆ ಈ ಕಡೆ ಯಾವಾಗ ಬರ್ತೀನೋ ಗೊತ್ತಿಲ್ಲ."

ಹನಿ ಬಿತ್ತು. ಬೆಂಡೆ ಗಟ್ಟಿಯಾಗಿ ಹಿಡಿದುಕೊಂಡಿತು. ಒಳಗಿನ ಬೀಜಗಳೆಲ್ಲ ಸೇರಿ ಆ ಹನಿಯನ್ನು ತಬ್ಬಿಕೊಂಡವು. ಬಿಸಿಲು ಬಂದು ಕೇಳಿತು, ಕೊಡಲಿಲ್ಲ. ಇರುವೆ ಬಂದು ಕೇಳಿತು, ಕೊಡಲಿಲ್ಲ. ಹಿಡಿದೂ ಹಿಡಿದೂ ಆ ನೀರು ನೀರಾಗಿ ಉಳಿಯಲಿಲ್ಲ. ಎಳೆ ಎಳೆಯಾಗಿ, ಅಂಟಂಟಾಗಿ, ಲೋಳೆಯಾಯಿತು. ಬೆಂಡೆಯ ಮೈ ತುಂಬಿಕೊಂಡು ಹಸಿರಾಯಿತು.

ಒಂದು ಬೆಳಗ್ಗೆ ಕೆಂಚಜ್ಜಿ ಬಂದು ನಿಂತು ನೋಡಿದಳು. ಒಂದು ಕಾಯಿಯ ತುದಿ ಹಿಡಿದು ಬಗ್ಗಿಸಿದಳು. ಪಟ್ ಎಂದು ಮುರಿಯಿತು.

"ಅರೆ, ಎಷ್ಟು ಎಳೇದಾಗಿದೆ" ಎಂದು ಬುಟ್ಟಿ ತುಂಬ ಕಿತ್ತುಕೊಂಡು ಹೋದಳು.

ಅವಳಿಗೆ ಬದನೆ ಹೆಚ್ಚಿ ನೀರಿಗೆ ಹಾಕುವ ಅಭ್ಯಾಸ. ಬೆಂಡೆಯನ್ನೂ ಹಾಗೇ ಹೆಚ್ಚಿ ನೀರಿಗೆ ಹಾಕಿದಳು. ಹುಟ್ಟಿದಾಗಿನಿಂದ ಬಾಯಾರಿದ್ದ ಬೆಂಡೆ ಅಷ್ಟು ನೀರು ಕಂಡರೆ ಬಿಟ್ಟೀತೆ? ಎಲ್ಲವನ್ನೂ ಬಾಚಿ ತಬ್ಬಿಕೊಂಡಿತು. ಬಾಣಲೆಯಲ್ಲಿ ಸೌಟು ಎತ್ತಿದರೆ ಪಲ್ಯವೂ ಎದ್ದು ಬಂತು. ಬೋರಜ್ಜ ತುತ್ತು ಎತ್ತಿದರೆ ತಟ್ಟೆಯಿಂದ ಮೀಸೆಯವರೆಗೆ ಒಂದು ಎಳೆ.

"ಕೆಂಚೀ, ಬಚ್ಚಲ ಗೋಡೆ ಬಿರುಕು ಬಿಟ್ಟಿದೆಯಲ್ಲ, ಇದನ್ನ ಅಲ್ಲಿಗೆ ಮೆತ್ತಿಬಿಡು" ಎಂದ.

ಕೆಂಚಜ್ಜಿಗೆ ರೇಗಿತು. ಸೀದಾ ಹಿತ್ತಲಿಗೆ ಹೋಗಿ, ಕೀಳಲೆಂದು ಬೆಂಡೆಗಿಡದ ಬುಡಕ್ಕೆ ಕೈ ಹಾಕಿದಳು.

"ಅಜ್ಜಿ, ಕೀಳಬೇಡ" ಎಂದಿತು ಬೆಂಡೆ. "ಒಣಗಿದ್ದೀನಿ ಅಂತ ನೀನು ಬಿತ್ತಲ್ಲ ಅಂದೆ. ಅದಕ್ಕೇ ಮೋಡದ ಹತ್ರ ಒಂದು ಹನಿ ಬೇಡಿ ತಂದು ಹಿಡ್ಕೊಂಡೆ. ಈಗ ನೀರು ಕಂಡರೆ ಹಿಡ್ಕೊಳ್ಳೋದೊಂದೇ ಗೊತ್ತು. ಬಿಡೋದು ಹೆಂಗೆ ಅಂತ ಯಾರೂ ಹೇಳ್ಕೊಡಲಿಲ್ಲ."

ಕೆಂಚಜ್ಜಿಗೆ ಕರುಳು ಚುರುಕ್ ಎಂದಿತು. ಬುಡದಿಂದ ಕೈ ತೆಗೆದಳು.

"ಅಷ್ಟೇ ತಾನೆ? ಬಾ, ನಾನು ಹೇಳ್ಕೊಡ್ತೀನಿ" ಎಂದಳು.

ಉಳಿದ ಕಾಯಿಗಳಲ್ಲಿ ಒಂದಷ್ಟನ್ನು ಕಿತ್ತು, ಹೆಚ್ಚುವ ಮೊದಲೇ ತೊಳೆದಳು. ಮಗುವಿಗೆ ತಲೆ ಒರೆಸುವ ಹಾಗೆ ಒಂದೊಂದನ್ನೂ ಸೆರಗಿನಿಂದ ಒರೆಸಿ, ಮೊರದಲ್ಲಿ ಹರಡಿ ಆರಲು ಬಿಟ್ಟಳು. ಆಮೇಲೆ ಹೆಚ್ಚಿದಳು. ಬಾಣಲೆಗೆ ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಬಾಡಿಸಿ, ಒಂದಿಷ್ಟು ಹುಣಸೆರಸ ಹಿಂಡಿದಳು. ಹುಳಿಗೆ ಬೆಂಡೆಯ ಮೈ ಜುಮ್ಮೆಂದು ಹಿಡಿತ ತಾನಾಗಿ ಸಡಿಲವಾಯಿತು.

ಬೋರಜ್ಜ ಹೆದರುತ್ತಲೇ ಬಾಯಿಗಿಟ್ಟ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ತಟ್ಟೆ ಬರಿದಾದ ಮೇಲೆ, "ಕೆಂಚೀ, ಬೆಂಡೆಬೀಜ ಎತ್ತಿಟ್ಟಿದ್ದೀಯಾ?" ಎಂದು ಕೇಳಿದ.

"ಗಿಡದಲ್ಲೇ ನಾಲ್ಕು ಕಾಯಿ ಬಿಡ್ತೀನಿ, ಬಲೀಲಿ" ಎಂದಳು ಕೆಂಚಜ್ಜಿ.

ಅದನ್ನು ಕೇಳಿ ಬೆಂಡೆಗೆ ಮತ್ತೆ ಅಳು ಬಂತು. ಈ ಸಲ ಅಳುವುದಕ್ಕೆ ಒಳಗೆ ನೀರಿತ್ತು.

ಅದಕ್ಕೇ ಇವತ್ತಿಗೂ ಹಿತ್ತಲಲ್ಲಿ ಬದನೆ, ಹೀರೆ ನೆಲ ನೋಡುತ್ತಿದ್ದರೆ ಬೆಂಡೆಕಾಯಿ ಮಾತ್ರ ಆಕಾಶ ನೋಡುತ್ತಾ ನಿಂತಿರುತ್ತದೆ. ಅದಕ್ಕೇ ಅಮ್ಮ ಅದನ್ನು ಬಟ್ಟೆಯಲ್ಲಿ ಒರೆಸಿ ಆಮೇಲೆ ಹೆಚ್ಚುತ್ತಾಳೆ. ನೀನೂ ಪಕ್ಕದಲ್ಲಿ ಕೂತು ಒಂದು ಹೋಳು ಮುಟ್ಟಿದಾಗ ಬೆರಳಿಗೆ ಅಂಟಿಕೊಂಡು ಎಳೆ ಎಳೆಯಾಗಿ ಬರುತ್ತದಲ್ಲ, ಮುಖ ಸಿಂಡರಿಸಬೇಡ ಮಗು. ಅದು ಮೋಡ ಕೊಟ್ಟ ಕೊಸರಿನ ಹನಿ, ಬೆಂಡೆ ಅದನ್ನು ಇನ್ನೂ ಬಿಟ್ಟಿಲ್ಲ.