ತಾತನ ಕಾಲದ ನೆಗ್ಗು

ಟಿಂಕರ್ ದಸ್ತಗೀರ್ ಮೂರು ತಿಂಗಳು ಒದ್ದಾಡಿ ನಂಜರಾಜಪ್ಪನವರ ತಾತನ ಕಾಲದ ಕಾರಿಗೆ ಜೀವ ತಂದಿದ್ದ. ತುಕ್ಕು ಕೆರೆದು ಬಣ್ಣ ಹೊಡೆದಾಗಿತ್ತು, ಬೇರೆ ಎಂಜಿನ್ ಕೂರಿಸಿಯಾಗಿತ್ತು. ಕೀಲಿ ತಿರುಗಿಸಿದರೆ ಎಂಜಿನ್ ಜೊತೆ ಅವನೆದೆಯೂ ಕುಣಿಯುತ್ತಿತ್ತು.

ನಂಜರಾಜಪ್ಪನವರು ಬಂದವರೇ ಕಾರಿನ ಹಿಂಭಾಗ ನೋಡಿ ಗುಡುಗಿದರು. "ಇಲ್ಲಿದ್ದ ನೆಗ್ಗು ಎಲ್ಲಯ್ಯಾ? ಅದು ಕಾಡಾನೆ ಗುದ್ದಿದ ಗುರುತು! ನಮ್ಮ ತಾತ ಒಳಗೆ ಅಲ್ಲಾಡದೆ ಕೂತಿದ್ದರು! ನಾಳೆ ಹಳೇ ಕಾರುಗಳ ಮೆರವಣಿಗೆ. ಸಂಜೆಯೊಳಗೆ ನೆಗ್ಗು ವಾಪಸ್ ಬರಬೇಕು, ಇಲ್ಲದಿದ್ದರೆ ನನ್ನ ಮಳಿಗೆ ಖಾಲಿ ಮಾಡು!"

ದಸ್ತಗೀರ್ ಸುತ್ತಿಗೆ ಎತ್ತಿಕೊಂಡ.

"ಸುತ್ತಿಗೆಯ ನಕಲಿ ಬೇಡ, ಅಸಲಿಯೇ ಬೇಕು!"

ದಸ್ತಗೀರನ ಕಣ್ಣು ಮಿನುಗಿತು. "ಅದಕ್ಕೇನಂತೆ ಸ್ವಾಮಿ! ನಮ್ಮ ಬಾಮೈದ ಮಾವುತ. ನಾಲ್ಕು ಗಂಟೆಗೆ ಆನೆ ಕರೆಸ್ತೀನಿ. ತಾವು ತಾತನವರ ಹಾಗೆ ಒಳಗೆ ಕೂತರಾಯ್ತು. ಅಲ್ಲಾಡಬಾರದು, ಅಷ್ಟೇ!" ಎಂದು ಬಾಗಿಲು ತೆರೆದು ನಿಂತ.

ನಂಜರಾಜಪ್ಪನವರು ಬೆವರಿಬಿಟ್ಟರು. ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಆನೆ ಗೀನೆ ಬೇಡ ಮಾರಾಯ. ತಾತ ರಿವರ್ಸ್ ತಗೊಳ್ಳುವಾಗ ನಮ್ಮ ಹಿತ್ತಲ ತೆಂಗಿನ ಮರಕ್ಕೆ ಗುದ್ದಿದ್ದು ಅದು."

ದಸ್ತಗೀರ್ ಚಂಗನೆ ಡ್ರೈವರ್ ಸೀಟಿಗೆ ಹಾರಿ ಎಂಜಿನ್ ಚಾಲೂ ಮಾಡಿದ.

"ಮರ ಇನ್ನೂ ಇದೆಯಲ್ಲ ಸ್ವಾಮಿ? ಹತ್ತಿ, ಹತ್ತಿ! ಹೊಸ ಎಂಜಿನ್ನು, ಒಂದೇ ಗುದ್ದಿಗೆ ಅಸಲಿ ನೆಗ್ಗು ಬಂದುಬಿಡುತ್ತೆ!"