ರೊಟ್ಟಿ ತಿನ್ನುವ ತನಕ

ಹೊಳೆದಂಡೆಯ ಆಶ್ರಮಕ್ಕೆ ದಾನವ್ವ ಬಂದದ್ದು ಜ್ಞಾನ ಬೇಕು ಎಂದಲ್ಲ. ಅತ್ತು ಹಗುರಾಗಲು ಅವಳಿಗೊಂದು ಜಾಗ ಬೇಕಿತ್ತು.

ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಬಂದವಳು ಬಸುರಾದ ಮೇಲೆ, ದಾನವ್ವನನ್ನು ಊಟಕ್ಕೆ ಕರೆಯುವುದನ್ನೂ ಆ ಮನೆಯವರು ಮರೆತರು.

ಗುರು ಮರುಳಪ್ಪಜ್ಜ ಅವಳ ಕತೆಯನ್ನು ಪೂರ್ತಿ ಕೇಳಿದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

"ಅಡಿಗಿ ಮನಿ ಅಲ್ಲೈತಿ. ಹೋಗಿ ಒಲಿ ಹಚ್ಚವ್ವ," ಎಂದರು.

ದಾನವ್ವ ಉಳಿದಳು. ಅಡುಗೆ ಮಾಡಿದಳು, ಅಂಗಳ ಗುಡಿಸಿದಳು, ಆಕಳ ಹಾಲು ಹಿಂಡಿದಳು. ಸಂಜೆ ಅಜ್ಜನ ಮುಂದೆ ಕೂತು ಕೇಳಿದ್ದನ್ನೇ ಕೇಳುತ್ತಿದ್ದಳು.

"ಅಜ್ಜಾರ, ನನ್ನ ಮನಸಿಗೆ ನೆಮ್ಮದಿ ಯಾವಾಗ ಸಿಗ್ತೈತ್ರಿ?"

"ನಾ ಯಾರಿಗೂ ಬ್ಯಾಡಾದಾಕಿ ಅನ್ನೂದನ್ನ ಯಾವಾಗ ಮರಿತಿ, ಆವಾಗ."

ಒಂದು ಬೇಸಿಗೆಯಲ್ಲಿ ಫಕೀರಪ್ಪ ಎಂಬವನು ಟವೆಲ್ಲಿನಲ್ಲಿ ಸುತ್ತಿದ ಹೆಣ್ಣುಕೂಸನ್ನು ಎತ್ತಿಕೊಂಡು ಬಂದ. ಇಟ್ಟಿಗೆ ಭಟ್ಟಿಯ ಕೂಲಿಯವನು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು.

"ನಾ ಕೆಲಸ ಸಿಕ್ಕಲ್ಲಿ ತಿರುಗಾಂವ," ಎಂದ. "ತಂಗಿ ಮನ್ಯಾಗ ಎಲ್ಲಾರೂ ಕೂಲಿಗೆ ಹೋಗಾವ್ರು. ಹಾಲು ಕಾಸಿ ಕುಡಿಸ್ಕೊಂತ ಕುಂದ್ರಾವ್ರು ಯಾರೂ ಇಲ್ರಿ. ರೊಟ್ಟಿ ತಿನ್ನೂ ತನಕ ಇಟ್ಕೊಳ್ರಿ ಅಜ್ಜಾರ. ಆಮ್ಯಾಲ ಕರಕೊಂಡು ಹೋಗ್ತೀನಿ. ಅಲ್ಲಿ ಹುಡುಗರ ಜೋಡಿ ಬೆಳಿತಾಳ."

ಅಜ್ಜ ಕೂಸನ್ನು ತೆಗೆದುಕೊಂಡು ದಾನವ್ವನ ಮಡಿಲಿಗೆ ಹಾಕಿದರು.

ಕೂಸಿಗೆ ಕಾಶಿ ಎಂದು ಹೆಸರಾಯಿತು. ಪೇಟೆಯಿಂದ ಹಾಲಿನ ಬಾಟ್ಲಿ ಬಂತು. ದಾನವ್ವ ನೀರು ಬೆರೆಸಿ ಹಾಲು ಕಾಯಿಸಿದಳು, ಮೊಣಕೈ ಮೇಲೆ ತೊಟ್ಟಿಕ್ಕಿ ಬಿಸಿ ನೋಡಿದಳು, ಕೂಸಿನ ಬಾಯಿಗಿಟ್ಟಳು. ಕೂಸು ಕಣ್ಣು ಮುಚ್ಚಿ ಚೀಪುತ್ತ ಅವಳ ಬೆರಳನ್ನು ಹಿಡಿದುಕೊಂಡಿತು.

ಅವತ್ತಿನಿಂದ ಅವಳು ಅಜ್ಜನಲ್ಲಿ ನೆಮ್ಮದಿಯ ಮಾತು ಕೇಳಲಿಲ್ಲ.

ಕಾಶಿಗೆ ಹಲ್ಲು ಮೂಡಿದವು. ದಾನವ್ವ ಒಂದು ದಿನ ಅನ್ನವನ್ನು ಮೆತ್ತಗೆ ಕಿವುಚಿ, ಬೇಳೆಯ ಕಟ್ಟು ಹಾಕಿ ಒಂದು ತುತ್ತು ಇಟ್ಟಳು. ಕಾಶಿ ಮುಖ ಕಿವುಚಿತು, ನುಂಗಿತು, ಮತ್ತೆ ಬಾಯಿ ತೆರೆಯಿತು. ಕೊನೆಗೆ ಬಟ್ಟಲನ್ನೇ ಎಳೆದುಕೊಂಡು ನೆಕ್ಕಿತು. ಮೂಗಿನ ತುದಿಗೆ ಅಂಟಿದ ಅಗುಳು ನೋಡಿ ದಾನವ್ವ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

ಬಟ್ಟಲು ತೊಳೆಯುವಾಗ ಫಕೀರಪ್ಪನ ಮಾತು ನೆನಪಾಯಿತು. ರೊಟ್ಟಿ ತಿನ್ನೂ ತನಕ.

ಅವಳ ಕೈ ನಿಂತಿತು.

ಮರುದಿನ ಅವಳು ಅನ್ನ ಕಿವುಚಲಿಲ್ಲ. ಹಾಲಿಗೆ ಸಕ್ಕರೆ ಹಾಕಿ ಬಾಟ್ಲಿ ತುಂಬಿದಳು.

ಫಕೀರಪ್ಪ ಭಟ್ಟಿಯಿಂದ ಬಿಡುವಾದಾಗ ಬಂದ. ಅಂಗಿಯ ಕಿಸೆಯಿಂದ ಸಣ್ಣದೊಂದು ಸ್ಟೀಲ್ ಲೋಟ ತೆಗೆದ.

"ಇನ್ನ ಇದರಾಗ ಕುಡಿಯಾಕ ಕಲಿಲಿ ಯಕ್ಕಾ. ಊಟ ಮಾಡ್ತಾಳೇನ್ರಿ?"

"ಎಲ್ಲೀದೋ ತಮ್ಮಾ," ಎಂದಳು ದಾನವ್ವ. "ಬಾಯಾಗ ಇಟ್ರ ಉಗುಳ್ತಾಳ."

ಫಕೀರಪ್ಪ ಮಗಳ ತಲೆ ಸವರಿದ. "ನಿಮ್ಮ ಋಣ ಹೆಂಗ ತೀರಿಸ್ಲಿ," ಎಂದು ಹೇಳಿ ಹೋದ. ದಾನವ್ವ ಲೋಟವನ್ನು ಅಟ್ಟದ ಮೇಲೆ ಇಟ್ಟಳು.

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದರು: "ಕೂಸು ಉಗುಳ್ತೈತೇನು?"

"ಹೌದ್ರಿ ಅಜ್ಜಾರ."

"ಹೂಂ," ಎಂದು ಅಜ್ಜ ಹೊಳೆಯ ಕಡೆ ತಿರುಗಿದರು.

ಕಾಶಿ ಓಡಾಡುವಷ್ಟಾದಳು. ಆದರೆ ಓಡಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಕೂರುತ್ತಿದ್ದಳು. ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು. ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ, ಆಮೇಲೆ ಪುಡಿಪುಡಿಯಾಗಿ ಉದುರಿದವು. ಹಲ್ಲು ನೋವಿಗೆ ಅತ್ತರೂ ದಾನವ್ವ ಬಾಟ್ಲಿಯನ್ನೇ ಬಾಯಿಗಿಡುತ್ತಿದ್ದಳು. ಅದನ್ನು ಚೀಪುತ್ತಲೇ ಕೂಸು ನಿದ್ದೆ ಹೋಗುತ್ತಿತ್ತು.

ಊರಿನ ಅಂಗನವಾಡಿ ಟೀಚರ್ ಒಮ್ಮೆ ಬಂದವಳು ಕಾಶಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಮೈಯಾಗ ರಕ್ತಾನ ಇಲ್ಲ. ಬರೇ ಹಾಲಿನ ಮ್ಯಾಲ ಇಟ್ರ ಎಲ್ಲಿಂದ ಬರಬೇಕ್ರಿ? ಬಾಟ್ಲಿ ಬಿಡಿಸ್ರಿ. ಲೋಟದಾಗ ಕುಡಿಸ್ರಿ. ಬ್ಯಾಳಿ, ಸೊಪ್ಪು, ರೊಟ್ಟಿ ನೆನಿಸಿ ತಿನಿಸ್ರಿ. ಸ್ವಲ್ಪ ದಿನ ಅಳ್ತಾಳ. ಆಮ್ಯಾಲ ಮರಿತಾಳ."

ಮರೆಯುತ್ತಾಳೆ ಎಂಬ ಮಾತು ದಾನವ್ವನ ಎದೆಗೆ ನಾಟಿತು. ಟೀಚರ್ ಹೋದ ಮೇಲೆ ಕಾಶಿಯನ್ನು ಎತ್ತಿಕೊಂಡು ಬಿಗಿಯಾಗಿ ಅಪ್ಪಿದಳು. ಕೂಸು ಉಸಿರು ಕಟ್ಟಿ ಕೊಸರಾಡಿತು.

ಆ ಸಂಜೆ ಅವಳು ಅಜ್ಜನನ್ನು ಕೇಳಿದಳು. "ಅಜ್ಜಾರ, ಪ್ರೀತಿ ಯಾವುದು, ಮೋಹ ಯಾವುದು, ಹೆಂಗ ಗೊತ್ತಾಗ್ತೈತ್ರಿ?"

"ಕೂಸು ಅಳಾಕತ್ತೈತಿ, ಹೋಗು," ಎಂದರು ಅಜ್ಜ.

ದಾನವ್ವ ಎದ್ದು ಓಡಿದಳು. ಅದು ತನ್ನ ಪ್ರಶ್ನೆಗೆ ಉತ್ತರವಿರಬಹುದೇ ಎಂದು ಯೋಚಿಸಲಿಲ್ಲ. ಕೂಸು ತನಗಾಗಿ ಅಳುತ್ತಿದೆ ಎಂಬುದೇ ಅವಳಿಗೆ ಸಾಕಾಗಿತ್ತು.

ಫಕೀರಪ್ಪ ಮತ್ತೆ ಮತ್ತೆ ಬಂದ. ಪ್ರತಿ ಸಲವೂ ಉಗುಳುತ್ತಾಳೆ ಎಂಬ ಅದೇ ಮಾತು ಕೇಳಿ ಹಿಂದಿರುಗಿದ. ಮಗಳಿಗೆ ಏನಾದರೂ ಜಡ್ಡು ಇರಬಹುದೆಂದು ಹೆದರಿ ದೇವರಿಗೆ ಹರಕೆ ಹೊತ್ತ. ಅದನ್ನು ಅವನೇ ಹೇಳಿದಾಗಲೂ ದಾನವ್ವ ಬಾಯಿ ಬಿಡಲಿಲ್ಲ.

ಒಂದು ದಿನ ಅವಳು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ತಿರುಗಿ ಬಂದು ಬಾಗಿಲಲ್ಲಿ ನಿಂತವಳು ಹಿಟ್ಟಿನ ಬುಟ್ಟಿಯನ್ನು ತಲೆಯಿಂದ ಇಳಿಸಲಿಲ್ಲ.

ಅಂಗಳದಲ್ಲಿ ಫಕೀರಪ್ಪ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಕಾಶಿ ಅವನ ತೊಡೆ ಏರಿದ್ದಳು. ಅವನ ರೊಟ್ಟಿಯನ್ನು ಹರಿದು, ಪುಂಡಿಪಲ್ಲೆಯಲ್ಲಿ ಅದ್ದಿ, ಎರಡೂ ಕೈಯಿಂದ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮುಂದಿನ ಹಲ್ಲಿಲ್ಲದ್ದರಿಂದ ದವಡೆಗೆ ತಳ್ಳಿ ತಳ್ಳಿ ಅಗಿಯುತ್ತಿದ್ದಳು. ಖಾರಕ್ಕೆ ಮೂಗು ಸೋರುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಫಕೀರಪ್ಪ ತಲೆ ಎತ್ತಿದ. "ಉಗುಳ್ತಾಳ ಅಂದಿದ್ರಿ ಯಕ್ಕಾ."

ದಾನವ್ವ ತಲೆಯ ಮೇಲಿನ ಬುಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಾನೇನೂ ಕೊಟ್ಟಿಲ್ಲ. ತಾನ ಬಂದು ಕೈ ಹಾಕಿದ್ಲು." ಅವನು ಮಗಳ ಗದ್ದ ಹಿಡಿದು ಬಾಯಿ ತೆರೆಸಿದ. ಬಹಳ ಹೊತ್ತು ನೋಡಿದ. "ಹಸಿದಿತ್ತು ನನ್ನ ಕೂಸು. ಇಷ್ಟೂ ದಿನ ಹಸಿದಿತ್ತು."

ಬುತ್ತಿಯ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಮಗಳನ್ನು ಎತ್ತಿಕೊಂಡ. ಬಾಗಿ ಅಜ್ಜನ ಪಾದ ಮುಟ್ಟಿದ. ದಾನವ್ವನ ಕಡೆ ತಿರುಗಿ ನೋಡಲಿಲ್ಲ.

ಹೊರಗೆ ಹೊರಟದ್ದು ಗೊತ್ತಾದ ಕೂಡಲೇ ಕಾಶಿ ಅವನ ಹೆಗಲ ಮೇಲಿಂದ ಕೈ ಚಾಚಿ ಅಳತೊಡಗಿದಳು. "ಅವ್ವಾ, ಬಾಟ್ಲಿ," ಎಂದಳು.

ದಾನವ್ವ ಬುಟ್ಟಿಯನ್ನು ನಿಂತಲ್ಲೇ ಕೆಡವಿ ಒಳಗೆ ಓಡಿ, ಬಾಟ್ಲಿ ತಂದು ಮುಂದೆ ಹಿಡಿದಳು.

"ಬ್ಯಾಡ್ರಿ," ಎಂದ ಫಕೀರಪ್ಪ. ದನಿ ಏರಿಸಲಿಲ್ಲ. "ಇನ್ನ ಬ್ಯಾಡ."

ಅವನು ದಂಡೆಯ ದಾರಿ ಹಿಡಿದು ನಡೆದ. ಜಾಲಿಗಿಡಗಳ ಹಿಂದೆ ಮರೆಯಾದ ಮೇಲೂ ಅಳು ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ದೂರ ಹೋದದ್ದಕ್ಕೆ ಕೇಳಿಸದಾಯಿತೋ, ಅಪ್ಪ ಬಾಯಿಗೆ ರೊಟ್ಟಿಯ ತುಣುಕು ಇಟ್ಟನೋ ದಾನವ್ವನಿಗೆ ಗೊತ್ತಾಗಲಿಲ್ಲ. ಅಳು ಕೇಳುವುದಕ್ಕಿಂತ ಅದು ನಿಂತದ್ದೇ ಅವಳಿಗೆ ತಾಳಲಾಗಲಿಲ್ಲ.

ಹೊತ್ತು ಇಳಿಯಿತು. ಚೆಲ್ಲಿದ ಹಿಟ್ಟು ಚೆಲ್ಲಿದಲ್ಲೇ ಇತ್ತು. ಯಾರೂ ಒಲೆ ಹಚ್ಚಲಿಲ್ಲ.

ದಾನವ್ವ ಬಂದು ಅಜ್ಜನ ಮುಂದೆ ಕೂತಳು.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲಿಂದಾನೂ. ನೀ ಹೊಳಿಗೆ ಹೋದಾಗ ಕೂಸು ನನ್ನ ತಾಟಿನಾಗ ಕೈ ಹಾಕಿ ತಿಂತಿತ್ತು. ನೀ ಬರೂ ಸಪ್ಪಳ ಕೇಳಿದ್ರ ಕೈ ಒರಸ್ಕೊಂತಿತ್ತು. ನಾ ಸುಮ್ಮನ ಕುಂದರ್ತಿದ್ದೆ."

ದಾನವ್ವನ ಕಣ್ಣಲ್ಲಿ ನೀರಿರಲಿಲ್ಲ. "ನಾ ಕೆಟ್ಟಾಕಿ ಅಜ್ಜಾರ. ನನ್ನ ಹೊಟ್ಟಿ ಸಂಕಟಕ್ಕ ಅದರ ಹೊಟ್ಟಿ ಒಣಗಿಸಿದೆ. ಅದು ನನಗ ಗೊತ್ತೈತಿ. ಆದ್ರ ನೀವು ಗುರುಗಳು. ಒಂದು ಮಾತು ಅಂದಿದ್ರ ಆ ಕೂಸಿನ ಹಲ್ಲು ಉಳಿತಿದ್ವು."

ಅಜ್ಜ ಹೊಳೆಯ ಕಡೆ ನೋಡಿದರು.

ಅವಳು ಕಾದಳು. ಎಷ್ಟಾದರೂ ಗುರು, ಏನಾದರೂ ಕಾರಣ ಇದ್ದೇ ಇರುತ್ತದೆ ಎನ್ನಿಸಿತು. ತಾನೇ ಅದನ್ನು ಹುಡುಕಿ ಅವರ ಮುಂದಿಟ್ಟಳು.

"ನಾನಾಗೇ ತಿಳಕೊಳ್ಲಿ ಅಂತ ಬಿಟ್ಟಿದ್ರೇನ್ರಿ? ನನಗ ಪಾಠ ಆಗ್ಲಿ ಅಂತ?"

ಹೌದು ಎಂದರೆ ಅವಳು ನಂಬುತ್ತಿದ್ದಳು. ಕಾಲಿಗೂ ಬೀಳುತ್ತಿದ್ದಳು. ಅಜ್ಜನಿಗೂ ಅದು ಗೊತ್ತಿತ್ತು.

ಅವರು ಅಲ್ಲವೆಂದು ತಲೆಯಾಡಿಸಿದರು.

"ಕೂಸು ಹೋದ ಮ್ಯಾಲ ನೀ ಇಲ್ಲಿ ನಿಲ್ಲಾಂಗಿಲ್ಲ ಅಂತ ಗೊತ್ತಿತ್ತವ್ವ," ಎಂದರು. "ನೀನೂ ಹೋದ್ರ ಈ ಮುದುಕಗ ಹೊತ್ತಿಗೆ ಗಂಜಿ ಯಾರು ಕಾಸ್ತಾರ ಅಂತ ಅಂಜಿದ್ದೆ."